ಶೇಂಗಾ ಹೋಳಿಗೆ ಮತ್ತು ಏಳನೆಯ ಪಾಠ

ರಾಯಚೂರು,
೧೯೪೬, ಶೇಂಗಾ ಸುಗ್ಗಿ ಮುಗಿದ ವಾರ.

ಅಖಿಲ ವಿದ್ಯಾ ಅಂಚೆ ಬೋಧನಾ ಕಂಪನಿಯ ಮ್ಯಾನೇಜರ್ ಸಾಹೇಬರಿಗೆ,
ಮುಂಬಯಿ.

ಮಾನ್ಯರೇ,

ಮನೆಯಲ್ಲಿ ಸುಮ್ಮನೆ ಕೂತವರಿಗೆ ಅಂಚೆಯ ಮೂಲಕ ಗಡಿಯಾರ ರಿಪೇರಿ, ಹಾರ್ಮೋನಿಯಂ, ಹಸ್ತರೇಖೆ ಮತ್ತು ಪೋಕರ್ ಆಟ ಕಲಿಸಿ, ಊರೂರಿನ ಗಡಿಯಾರಗಳನ್ನು ನಿಲ್ಲಿಸಿ, ನೆರೆಮನೆಯವರ ನೆಮ್ಮದಿಯನ್ನು ಹಾರಿಸಿ, ಇಷ್ಟಾದರೂ ಜಾಹೀರಾತಿನ ಚಿತ್ರದಲ್ಲಿ ನಗುತ್ತಲೇ ಇರುವ ತಮ್ಮ ಸನ್ನಿಧಾನಕ್ಕೆ ರಾಯಚೂರು ಗೂಡ್ಸ್ ಶೆಡ್ಡಿನ ಗುಮಾಸ್ತ ಮೌನಪ್ಪ ಕೈಜೋಡಿಸಿ ಮಾಡುವ ನಮಸ್ಕಾರಗಳು. ತಾವು ಕ್ಷೇಮವಾಗಿದ್ದೀರೆಂದು ನಂಬಿದ್ದೇನೆ. ಶುಲ್ಕವನ್ನು ಮೊದಲೇ ಪಡೆದವರು ಕ್ಷೇಮವಾಗಿರದೆ ಇನ್ನು ಹೇಗಿರುತ್ತಾರೆ. ತಮ್ಮ ಪಾಠಗಳೆಲ್ಲ ಇಂಗ್ಲಿಷಿನಲ್ಲಿರುವುದರಿಂದ ನನ್ನ ದೂರನ್ನೂ ಅದೇ ಭಾಷೆಯಲ್ಲಿ ಬರೆಯುವುದು ಮರ್ಯಾದೆಯಾಗಿತ್ತು. ಆದರೆ ಏನು ಮಾಡಲಿ, ಸಿಟ್ಟು ನನಗೆ ಕನ್ನಡದಲ್ಲೇ ಬರುತ್ತದೆ. ಈ ಪತ್ರದ ಒಂದು ಪ್ರತಿಯನ್ನು ನನ್ನ ಸ್ನೇಹಿತರಾದ ಅಲ್ಲಾಉದ್ದೀನ್ ಸಾಹೇಬರ ಬಟ್ಟೆ ಅಂಗಡಿಯ ಬಾಗಿಲಿಗೆ ಅಂಟಿಸಿದ್ದೇನೆ. ಸೀರೆ ಕೊಳ್ಳಲು ಬಂದವರು, ಕೊಳ್ಳದೆ ಬರೀ ನೋಡಲು ಬಂದವರು, ಎಲ್ಲರೂ ಓದಿಕೊಳ್ಳಲಿ ಎಂಬುದು ನನ್ನ ಉದ್ದೇಶ.

ಮೊದಲಿಗೆ ನನಗೆ ಈ ಆಟದ ಹುಚ್ಚು ಹತ್ತಿದ್ದು ಹೇಗೆಂದು ಅರಿಕೆ ಮಾಡುತ್ತೇನೆ. ಲಡಾಯಿಯ ಕಾಲದಲ್ಲಿ ಗಾಡಿಗಳು ಹೊತ್ತಿಗೆ ಸರಿಯಾಗಿ ಬರುತ್ತಿರಲಿಲ್ಲ. ಗುಂತಕಲ್ಲಿನ ಗಾರ್ಡ್ ಒಬ್ಬರು ನಮ್ಮ ಶೆಡ್ಡಿನ ನೆರಳಿನಲ್ಲಿ ಕೂತು ಕಾಯುತ್ತ, ಜೇಬಿನಿಂದ ಇಸ್ಪೀಟು ತೆಗೆದು, ನನಗೂ ತೂಕದ ಕಟ್ಟೆಯ ಪೀರಾ ಸಾಬರಿಗೂ ಅಲ್ಲಾಉದ್ದೀನ್ ಸಾಹೇಬರಿಗೂ ಪೋಕರ್ ತೋರಿಸಿಕೊಟ್ಟರು. ನಾವು ದುಡ್ಡಿಗೆ ಆಡುವ ಮಂದಿಯಲ್ಲ. ಮಲ್ಲಟದಲ್ಲಿರುವ ನಮ್ಮ ಅಣ್ಣನ ಹೊಲದ ಶೇಂಗಾವನ್ನೇ ಹುರಿದು ತಂದು ಒಬ್ಬೊಬ್ಬರ ಮುಂದೆ ಒಂದೊಂದು ರಾಶಿ ಮಾಡಿಕೊಂಡು, ಹಣದ ಬದಲು ಶೇಂಗಾ ಹಾಕುತ್ತಿದ್ದೆವು. ಆ ಗಾರ್ಡ್ ಸಾಹೇಬರು ಮಹಾ ಒರಟರು. ಎಲೆ ಕೈಗೆ ಬಂದ ಕೂಡಲೇ ಯಾರಿಗೂ ಒಂದು ಮಾತು ಕೇಳದೆ ಬೊಗಸೆ ಶೇಂಗಾ ನಡುವೆ ಸುರಿದುಬಿಡುತ್ತಿದ್ದರು. ನಾವು ಹೆದರಿ ಎಲೆ ಇಳಿಸುತ್ತಿದ್ದೆವು. ಅವರು ನಮ್ಮ ಶೇಂಗಾ ಬಳಿದುಕೊಂಡು, ತಿನ್ನುತ್ತ ಗಾಡಿ ಹತ್ತುತ್ತಿದ್ದರು. ಇದಕ್ಕೊಂದು ಮದ್ದು ಬೇಕೆಂದು ಹುಡುಕುತ್ತಿದ್ದಾಗಲೇ ಹಳೆಯ ಪತ್ರಿಕೆಯೊಂದರಲ್ಲಿ ತಮ್ಮ ನಗುಮುಖ ಕಂಡಿತು.

ತಮ್ಮ ಮೊದಲ ಆರು ಪಾಠಗಳ ಬಗ್ಗೆ ನನ್ನದೇನೂ ತಕರಾರಿಲ್ಲ. ಎಕ್ಕ ದೊಡ್ಡದು, ದುಗ್ಗಿ ಸಣ್ಣದು ಎಂಬುದನ್ನು ಅಷ್ಟು ಪುಟಗಳಲ್ಲಿ ವಿವರಿಸಲು ಸಾಮಾನ್ಯರಿಂದ ಆಗುವುದಿಲ್ಲ. ನನ್ನ ಸಂಸಾರಕ್ಕೆ ಕೈಯಿಟ್ಟದ್ದು ಏಳನೆಯ ಪಾಠ. ಅದರ ಹೆಸರು ಚೆಕ್-ರೇಜ್. ನನ್ನ ನಿಘಂಟು ಇದಕ್ಕೆ ಏನೂ ಸಹಾಯ ಮಾಡಲಿಲ್ಲ, ಆದರೆ ತಮ್ಮ ವಿವರಣೆ ಸೊಗಸಾಗಿತ್ತು: ಕೈಯಲ್ಲಿ ಒಳ್ಳೆ ಎಲೆಗಳಿದ್ದರೂ ಬಡವನ ಮುಖ ಮಾಡು; ನಿನ್ನ ಸರದಿ ಬಂದಾಗ ಏನೂ ಹಾಕದೆ ಚೆಕ್ ಎಂದು ಹೇಳಿ ಸುಮ್ಮನಿರು; ಎದುರಿನವನು ನಿನ್ನನ್ನು ದುರ್ಬಲನೆಂದು ತಿಳಿದು ಮುಂದೆ ಬಂದು ಹಾಕುತ್ತಾನೆ; ಸರದಿ ತಿರುಗಿ ನಿನ್ನ ಬಳಿ ಬಂದಾಗ ಅವನು ಹಾಕಿದ್ದರ ಮೇಲೆ ಮತ್ತಷ್ಟು ಏರಿಸು; ಹಾಕಿದ್ದನ್ನು ಬಿಟ್ಟು ಏಳಲು ಅವನಿಗೆ ಮನಸ್ಸಾಗುವುದಿಲ್ಲ, ಸಿಕ್ಕಿಬಿದ್ದ. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಹುಟ್ಟಿದಾಗಿನಿಂದ ಬಡವನ ಮುಖ ಹೊತ್ತು ತಿರುಗುತ್ತಿದ್ದೇನೆ, ಅದಕ್ಕೂ ಒಂದು ಉಪಯೋಗವಿದೆಯೆಂದು ಯಾರೂ ಹೇಳಿರಲಿಲ್ಲ.

ಆದರೆ ಮಾನ್ಯರೇ, ಪಾಠ ಅಂಚೆಯಲ್ಲಿ ಬರುವ ಹೊತ್ತಿಗೆ ಗಾರ್ಡ್ ಸಾಹೇಬರಿಗೆ ವರ್ಗವಾಗಿತ್ತು. ಉಳಿದವರು ನಾವು ಮೂವರು, ಎಲ್ಲರೂ ರಾಯಚೂರಿನವರು. ತಾವು ಒಮ್ಮೆಯಾದರೂ ನಮ್ಮೂರಿಗೆ ಬಂದಿದ್ದರೆ ಏಳನೆಯ ಪಾಠವನ್ನು ಈ ಕಡೆಗೆ ಕಳಿಸುವ ಧೈರ್ಯ ಮಾಡುತ್ತಿರಲಿಲ್ಲ. ಇಲ್ಲಿ ಬಾಗಿಲ ಬಳಿ ಇಬ್ಬರು ಎದುರಾದರೆ ಒಬ್ಬರೂ ಒಳಗೆ ಹೋಗುವುದಿಲ್ಲ, ನೀವು ಮೊದಲು ನೀವು ಮೊದಲು ಎನ್ನುತ್ತ ಅಲ್ಲೇ ಹೊತ್ತು ಮುಳುಗಿಸುತ್ತಾರೆ. ಹಸಿದು ಬಂದವನನ್ನು ಊಟಕ್ಕೆ ಕರೆದರೆ ಈಗಷ್ಟೇ ಆಯಿತು ಎನ್ನುತ್ತಾನೆ. ಕರೆದವನು ಬಿಡಬಾರದು, ಬಂದವನು ಒಪ್ಪಬಾರದು, ಹೀಗೆ ನಾಲ್ಕಾರು ಸಲ ನಡೆದ ಮೇಲೆಯೇ ಕೈಗೆ ನೀರು. ಇಂಥ ಊರಿನಲ್ಲಿ ಕೂತು ನಾನು ಚೆಕ್ ಎಂದೆ.

ಒಂದು ಭಾನುವಾರ ಮಧ್ಯಾಹ್ನ ನನ್ನ ಕೈಗೆ ನಾಲ್ಕೂ ಎಕ್ಕ ಬಂದಿದ್ದವು. ಜನ್ಮದಲ್ಲಿ ಮತ್ತೆ ಬರಲಾರವು. ನಾನು ತಮ್ಮನ್ನು ಮನಸ್ಸಿನಲ್ಲಿ ನೆನೆದು, ಹೆಂಡತಿ ತವರಿಗೆ ಹೋದವನಂತೆ ಮುಖ ಬಾಡಿಸಿಕೊಂಡು ಚೆಕ್ ಎಂದೆ. ಪೀರಾ ಸಾಬರು ನನ್ನ ಮುಖ ನೋಡಿ ಮರುಗಿದರು. “ನೀವಽ ಹಾಕಿಲ್ಲಂದ್ರ ನಾ ಹೆಂಗ ಹಾಕ್ಲಿ, ಅದು ಛಲೋ ಕಾಣಂಗಿಲ್ರಿ” ಎಂದು ಅವರೂ ಚೆಕ್ ಎಂದರು. ಅಲ್ಲಾಉದ್ದೀನ್ ಸಾಹೇಬರು ಎದೆಯ ಮೇಲೆ ಕೈಯಿಟ್ಟು “ಪಹಲೇ ಆಪ್ ಮೌನಪ್ಪಾ, ಪಹಲೇ ಆಪ್” ಎಂದು, ಅಂದರೆ ಮೊದಲು ನೀವೇ ಎಂದು, ಅವರೂ ಚೆಕ್ ಎಂದರು. ಏರಿಸಬೇಕೆಂದರೆ ಯಾರಾದರೂ ಮೊದಲು ಹಾಕಿರಬೇಕಲ್ಲ! ಕೊನೆಗೆ ಎಲ್ಲರೂ ಎಲೆ ತೋರಿಸಿದೆವು, ನಾನೇ ಗೆದ್ದೆ. ಗೆದ್ದದ್ದೇನು? ಆಟದ ಮೊದಲು ಎಲ್ಲರೂ ನಡುವೆ ಇಡುವ ಪದ್ಧತಿಯ ಒಂದೊಂದರಂತೆ ಮೂರು ಶೇಂಗಾ. ಅವನ್ನೂ ಇಷ್ಟು ಹೊತ್ತಿನ ಉಪಚಾರದ ನಡುವೆ ಅಲ್ಲಾಉದ್ದೀನ್ ಸಾಹೇಬರು ಅರಿವಿಲ್ಲದೆ ಬಾಯಿಗೆ ಹಾಕಿಕೊಂಡಿದ್ದರು. ನಾಲ್ಕು ಎಕ್ಕಗಳಿಗೆ ಪ್ರತಿಯಾಗಿ ಶೇಂಗಾದ ಸಿಪ್ಪೆ ಗಳಿಸಿದ ತಮ್ಮ ಏಕೈಕ ಶಿಷ್ಯ ನಾನೇ ಇರಬೇಕು. ಈ ಗೌರವಕ್ಕೆ ತಮಗೆ ಎಷ್ಟು ವಂದನೆ ಹೇಳಿದರೂ ಕಡಿಮೆ.

ನಾನು ಕೂಡಲೇ ತಮಗೆ ಬರೆದು, ಎದುರಿನವನು ಹಾಕದೇ ಹೋದರೆ ಏನು ಮಾಡಬೇಕೆಂದು ಕೇಳಿದೆ. ತಾವು ಕೃಪೆಮಾಡಿ ಒಂದು ಅಚ್ಚು ಹಾಕಿದ ಕಾರ್ಡು ಕಳಿಸಿದಿರಿ. ಅದರಲ್ಲಿ ನನ್ನ ಪ್ರಗತಿ ಸಂತೋಷಕರವೆಂದೂ, ಚೆಕ್-ರೇಜ್ ಹೇಗೆ ಮಾಡಬೇಕೆಂಬುದಷ್ಟೇ ಏಳನೆಯ ಪಾಠದ ವಿಷಯವೆಂದೂ, ಯಾವಾಗ ಮಾಡಬೇಕೆಂಬುದು ಎಂಟನೆಯ ಪಾಠದಲ್ಲಿದ್ದು ಅದಕ್ಕೆ ಶುಲ್ಕ ಪ್ರತ್ಯೇಕವೆಂದೂ ಇತ್ತು. ಆಹಾ, ಏನು ವ್ಯಾಪಾರ! ಕೊಡೆ ಒಂದು ಅಂಗಡಿಯಲ್ಲಿ, ಅದರ ಬಟ್ಟೆ ಇನ್ನೊಂದು ಅಂಗಡಿಯಲ್ಲಿ. ನಮ್ಮ ಅಲ್ಲಾಉದ್ದೀನ್ ಸಾಹೇಬರಿಗೆ ಈ ಬುದ್ಧಿ ಇದ್ದಿದ್ದರೆ ಸೀರೆ ಒಂದು ದಿನ, ಸೆರಗು ಇನ್ನೊಂದು ದಿನ ಮಾರಿ ಇಷ್ಟು ಹೊತ್ತಿಗೆ ಹೈದರಾಬಾದಿನಲ್ಲಿ ಮಹಲು ಕಟ್ಟಿಸುತ್ತಿದ್ದರು.

ಎಂಟನೆಯ ಪಾಠ ತರಿಸುವ ಬದಲು ನಾನು ಮನೆಯಲ್ಲೇ ಅಭ್ಯಾಸಕ್ಕೆ ಕೂತೆ. ಮನೆಯ ಮಂದಿಯ ಜೊತೆ ಆಡಿ ಕೈ ಪಳಗಿಸಿಕೊಳ್ಳಿ ಎಂದು ತಾವೇ ಎರಡನೆಯ ಪಾಠದಲ್ಲಿ ಹೇಳಿದ್ದೀರಿ. ನನ್ನ ಮನೆಯ ಮಂದಿ ಎಂದರೆ ಹೆಂಡತಿ ಸೂಗಮ್ಮ ಮತ್ತು ಮಗಳು ಕರೆಮ್ಮ. ಕರೆಮ್ಮ ಮಾನ್ವಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಅಕ್ಕೋರು. ಅಲ್ಲಿ ನನ್ನ ನಾದಿನಿ ಶೇಖಮ್ಮನ ಮನೆಯಲ್ಲಿದ್ದುಕೊಂಡು, ರಜೆಗೆ ರಾಯಚೂರಿಗೆ ಬರುತ್ತಾಳೆ. ಇಲ್ಲಿ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ನಮ್ಮಪ್ಪ ಇದೇ ಗೂಡ್ಸ್ ಶೆಡ್ಡಿನಲ್ಲಿ ಬೆನ್ನು ಬಾಗುವವರೆಗೆ ಚೀಲ ಹೊತ್ತವನು. ಅವನ ಮೊಮ್ಮಗಳು ಕಪ್ಪು ಹಲಗೆಯ ಮುಂದೆ ನಿಲ್ಲುವುದನ್ನು ನೋಡಲೆಂದೇ ಒಂದು ದಿನ ರಜೆ ಹಾಕಿ ಮಾನ್ವಿಗೆ ಹೋಗಿ, ಶಾಲೆಯ ಕಿಟಕಿಯ ಹೊರಗೆ ಬಿಸಿಲಲ್ಲಿ ನಿಂತು, ಒಳಗೆ ಹೋಗದೆ ತಿರುಗಿ ಬಂದಿದ್ದೇನೆ. ಸೂಗಮ್ಮನಿಗೆ ಮಾತ್ರ ಚೀಲದ ಲೆಕ್ಕಕ್ಕೆ ಹೋಗಿದ್ದೆನೆಂದು ಹೇಳಿದೆ.

ತಾಯಿ-ಮಗಳಿಗೆ ನಾನೇ ಆಟ ಕಲಿಸಿದೆ, ತಮ್ಮ ಪಾಠಗಳನ್ನು ಓದಿ ಹೇಳಿದೆ. ಇಬ್ಬರೂ ನನ್ನನ್ನು ಸೋಲಿಸಿದರು. ಹೆಂಗಸರಿಗೆ ಆಟದ ಗಾಂಭೀರ್ಯ ತಿಳಿಯದೆ ಹಾಗಾಯಿತೆಂದು ಸಮಾಧಾನ ಮಾಡಿಕೊಂಡೆ. ಗೆದ್ದ ಶೇಂಗಾವನ್ನು ಸೂಗಮ್ಮ ತಿನ್ನುತ್ತಿರಲಿಲ್ಲ, ಒಂದು ಡಬ್ಬಿಗೆ ತುಂಬಿಡುತ್ತಿದ್ದಳು. ಬೇಸಿಗೆ ರಜೆ ಮುಗಿಯುವ ಹೊತ್ತಿಗೆ ಡಬ್ಬಿ ತುಂಬಿತ್ತು, ನನ್ನ ಜೇಬು ಬರಿದಾಗಿತ್ತು.

ಇನ್ನು ಮುಖ್ಯ ವಿಷಯಕ್ಕೆ ಬರುತ್ತೇನೆ. ದೇವದುರ್ಗದಲ್ಲಿ ಮಾಸ್ತರನಾಗಿರುವ ಯಂಕೋಬನೆಂಬ ಹುಡುಗನಿಗೆ ಕರೆಮ್ಮನನ್ನು ಕೇಳಲು, ಅವನ ತಂದೆ ಗಬ್ಬೂರಿನ ತಾಯಣ್ಣನವರೂ ತಾಯಿ ಯಮನಮ್ಮನವರೂ ಹುಡುಗನನ್ನು ಕರೆದುಕೊಂಡು ಇದ್ದಿಲು ಉರಿಸಿ ಓಡುವ ಬಸ್ಸಿನಲ್ಲಿ ಕೆಮ್ಮುತ್ತ ಬಂದರು. ಹುಡುಗ ನಮಗೆ ಹಿಡಿಸಿದ. ಕರೆಮ್ಮನಿಗೂ ಹಿಡಿಸಿದನೆಂದು ನನಗೆ ತಿಳಿಯಿತು, ಏಕೆಂದರೆ ಬೆಲ್ಲಕ್ಕೆ ಯಾವಾಗಲೂ ಕೈ ಬಿಗಿ ಹಿಡಿಯುವ ಹುಡುಗಿ ಅಂದು ಮಾಡಿದ ಚಹಾ ಪಾಯಸದಂತಿತ್ತು. ಅವರಿಗೂ ನಮ್ಮ ಹುಡುಗಿ ಹಿಡಿಸಿದ್ದಳು. ಅವರು ಬರುವ ಮೊದಲೇ ಅಲ್ಲಾಉದ್ದೀನ್ ಸಾಹೇಬರ ಅಂಗಡಿಯಲ್ಲಿ ಸೊಸೆಗೆಂದು ಇಳಕಲ್ಲ ಸೀರೆ ಆರಿಸಿಟ್ಟು ಬಂದಿದ್ದರು. ಅದನ್ನು ಸಾಹೇಬರು ನನ್ನ ಕಿವಿಯಲ್ಲಿ ಹೇಳಿದ್ದರು. ಅಂದರೆ ನನ್ನ ಕೈಯಲ್ಲಿ ಮತ್ತೆ ನಾಲ್ಕು ಎಕ್ಕ! ಇದ್ದ ತೊಡಕು ಒಂದೇ. ಮದುವೆಯಾದ ಮೇಲೂ ಕರೆಮ್ಮ ಮಾನ್ವಿಯ ಶಾಲೆ ಬಿಡುವುದಿಲ್ಲ. ಅದನ್ನು ಅವಳು ನನಗೂ ಸೂಗಮ್ಮನಿಗೂ ಮೊದಲೇ ಹೇಳಿದ್ದಳು, ಒಂದೇ ಸಲ ಹೇಳಿದ್ದಳು, ಎರಡನೇ ಸಲ ಹೇಳುವ ಹುಡುಗಿಯಲ್ಲ. ಗಬ್ಬೂರಿನ ಕಡೆ ಸೊಸೆಯಂದಿರು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುತ್ತಾರೆಯೇ ಹೊರತು ಸೀಮೆಸುಣ್ಣ ಹಿಡಿದು ಶಾಲೆಗೆ ಹೋಗಿದ್ದನ್ನು ಯಾರೂ ಕಂಡಿಲ್ಲ.

ನಾನು ಲೆಕ್ಕ ಹಾಕಿದೆ. ಮೊದಲು ಚೆಕ್ ಎನ್ನಬೇಕು. ಅವರು ತಾವಾಗಿ ಹುಡುಗಿ ಒಪ್ಪಿಗೆ ಎನ್ನುತ್ತಾರೆ. ಆಗ ಶಾಲೆಯ ಮಾತು ಏರಿಸಬೇಕು. ಸೀರೆ ಆರಿಸಿದವರು ಎದ್ದು ಹೋಗುವುದಿಲ್ಲ. ಅದಕ್ಕೇ ಸುಮ್ಮನೆ ಕೂತೆ. ತಾಯಣ್ಣನವರೂ ಸುಮ್ಮನೆ ಕೂತರು. ಸ್ವಲ್ಪ ಹೊತ್ತಿನ ಮೇಲೆ “ನೀವು ಹೇಳ್ರಿ” ಎಂದರು. ನಾನು “ಏ, ನೀವು ದೊಡ್ಡವರು, ನೀವು ಹೇಳ್ರಿ” ಎಂದೆ. ಅವರು “ಹೆಣ್ಣಿನವ್ರು ನೀವು, ನಿಮ್ಮ ಮಾತು ಮೊದ್ಲಾಗ್ಲಿ” ಎಂದರು. ಯಮನಮ್ಮನವರು ಮಾಡಿನ ತೊಲೆ ನೋಡುತ್ತ “ಲಗ್ನ ಆದಮ್ಯಾಲ ಸಾಲಿ ಗೀಲಿ ಏನೂ ಇರಂಗಿಲ್ಲಲ್ರಿ?” ಎಂದು ತೊಲೆಯನ್ನೇ ಕೇಳಿದರು. ಅದು ಬಾಯಿಬಿಡಬೇಕಾದ ಗಳಿಗೆ. ನಾನು ಏಳನೆಯ ಪಾಠದ ಮೇಲೆ ಭಾರ ಹಾಕಿ ಬಡವನ ಮುಖ ಮಾಡಿದೆ. ಹೀಗೆ ನೀವು ಹೇಳ್ರಿ ನೀವು ಹೇಳ್ರಿ ಎನ್ನುವುದರಲ್ಲಿ ಬಸ್ಸು ಹಾರ್ನ್ ಹೊಡೆಯಿತು, ಅವರು ಎದ್ದು ಹೋದರು.

ಇದರಲ್ಲಿ ಎಂಥ ಅನಾಹುತವಾಯಿತೆಂದು ತಮಗೆ ತಿಳಿಯಬೇಕಾದರೆ ನಮ್ಮವರ ಒಂದು ಪದ್ಧತಿ ಹೇಳಬೇಕು. ಹೆಣ್ಣು ನೋಡಲು ಬಂದವರು ನಮ್ಮಲ್ಲಿ ಚಹಾ ಕುಡಿಯಬಹುದು, ಚುರುಮುರಿ ತಿನ್ನಬಹುದು, ಅದು ಲೆಕ್ಕಕ್ಕಿಲ್ಲ. ಆದರೆ ತಾಟಿನ ಮುಂದೆ ಕೂತು ಹೋಳಿಗೆ ಮುರಿದರೆಂದರೆ ಸಂಬಂಧ ಒಪ್ಪಿದಂತೆ, ಬೀಗರಾದಂತೆ. ಮುರಿದ ಹೋಳಿಗೆ ಬಿಟ್ಟು ಎದ್ದರೆ ಅನ್ನಕ್ಕೆ ಅವಮಾನ. ಹಾಗೆ ಎದ್ದವನಿಗೆ ಆಮೇಲೆ ಊರಲ್ಲಿ ಯಾರೂ ತಾಟು ಹಾಕುವುದಿಲ್ಲ. ಅಂದು ಸೂಗಮ್ಮ ಕಣಕ ನಾದಿಟ್ಟಿದ್ದಳು. ತಾಯಣ್ಣನವರು ಚಹಾ ಕುಡಿದು ಹೋದರು. ಸೂಗಮ್ಮ ಕಣಕದ ಬೋಗುಣಿಯನ್ನು ನನ್ನ ಮುಂದೆ ಕುಕ್ಕಿ, “ತಗೋರಿ, ಚೆಕ್” ಎಂದಳು. ಕರೆಮ್ಮ ಮಾತ್ರ ಮೆಲ್ಲಗೆ, “ಯಪ್ಪಾ, ಹಾಕಲಾರದವ್ರ ಮುಂದ ಕುಂತು ಚೆಕ್ ಅಂದ್ರ ಹೆಂಗ? ಅವ್ರಿಗಿ ಹಾಕಬೇಕಂತ ಅನಸಬೇಕಲ್ಲ ಮೊದ್ಲು” ಎಂದು ಹೇಳಿ ಚಹಾದ ಕಪ್ಪು ತೊಳೆಯಲು ಹೋದಳು. ಹುಡುಗಿಯ ಮಾತೆಂದು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ಆದರೆ ಕಪ್ಪು ತೊಳೆಯುತ್ತ ಅವಳು ಅಳುತ್ತಿದ್ದುದನ್ನು ನೋಡಿದೆ. ಆ ದಿನ ತಾವು ನನ್ನ ಕೈಗೆ ಸಿಕ್ಕಿದ್ದರೆ ಈ ಪತ್ರ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಮಳೆಗಾಲವೆಲ್ಲ ಗಬ್ಬೂರಿನಿಂದ ಸುದ್ದಿಯಿಲ್ಲ. ನಾವು ಕಳಿಸಲಿ ಎಂದು ಅವರು, ಅವರು ಕಳಿಸಲಿ ಎಂದು ನಾವು. ಈ ನಡುವೆ ನಾನು ತಮಗೊಂದು ನಿವೇದನೆ ಮಾಡಿಕೊಂಡಿದ್ದೆ, ಇಲ್ಲಿ ಮತ್ತೆ ಮಾಡುತ್ತೇನೆ: ಏಳನೆಯ ಪಾಠದ ಜೊತೆಗೆ ದಯಮಾಡಿ ಒಬ್ಬ ಮರ್ಯಾದೆಗೆಟ್ಟ ಮನುಷ್ಯನನ್ನೂ ಕಳಿಸಿಕೊಡಬೇಕು. ಅವನಿಲ್ಲದೆ ನಮ್ಮ ಕಡೆ ಈ ವಿದ್ಯೆ ನಡೆಯುವುದಿಲ್ಲ. ಮುಂಬಯಿಯಲ್ಲಿ ಅಂಥವರಿಗೆ ಕೊರತೆಯಿಲ್ಲವೆಂದು ಹೋಗಿಬಂದವರು ಹೇಳುತ್ತಾರೆ. ಅವನನ್ನು ಒಡೆಯುವ ಸಾಮಾನಿನ ದರದಲ್ಲಿ ಬುಕ್ ಮಾಡಬೇಕೋ ಜೀವಂತ ಪ್ರಾಣಿಯ ದರದಲ್ಲೋ ಎಂಬ ಅನುಮಾನ ಬಂದರೆ ನನಗೆ ಬರೆಯಿರಿ, ಅದೇ ನನ್ನ ಕಸುಬು. ದಾರಿಯಲ್ಲಿ ವಾಡಿ ಜಂಕ್ಷನ್ನಿನಲ್ಲಿ ಅವನಿಗೆ ಯಾರೂ ನೀರು ಬೇಕೇ ಎಂದು ಕೇಳಬಾರದು. ಕೇಳಿದರೆ ಮನಸ್ಸು ಕರಗಿ ಅವನೂ ಪಹಲೇ ಆಪ್ ಎಂದುಬಿಟ್ಟಾನು.

ಶೇಂಗಾ ಸುಗ್ಗಿ ಬಂತು. ಗಬ್ಬೂರಿನ ಶೇಂಗಾ ರಾಯಚೂರಿನ ಗೂಡ್ಸ್ ಶೆಡ್ಡಿಗೆ ಬರದೆ ಇನ್ನೆಲ್ಲಿಗೆ ಹೋಗಬೇಕು? ತಾಯಣ್ಣನವರು ಮಗನನ್ನು ಕರೆದುಕೊಂಡು ಬಂಡಿಗಳ ಜೊತೆ ಬಂದರು. ನಸುಕಿನಲ್ಲಿ ಬಂದವರು, ಹೊಟ್ಟೆಗೆ ಏನೂ ಇಲ್ಲ. ಬೇಗ ತೂಗಿಸಿ ಖಾನಾವಳಿಗೆ ಹೋಗೋಣ ಎಂದುಕೊಂಡಿದ್ದರು. ಅಂದು ನಮ್ಮ ಪೀರಾ ಸಾಬರಿಗೆ ಏನಾಗಿತ್ತೋ, ಒಂದೊಂದು ಚೀಲವನ್ನೂ ತೂಗಿ, ಇಳಿಸಿ, ತಕ್ಕಡಿಯ ಮುಳ್ಳು ಒರೆಸಿ, ಮತ್ತೆ ಏರಿಸಿ ತೂಗಿದರು. ಮೂವತ್ತು ವರ್ಷಗಳ ನೌಕರಿಯಲ್ಲಿ ಅವರ ಕೈ ಅಷ್ಟು ನಿಧಾನವಾದದ್ದನ್ನು ನಾನು ಕಂಡಿರಲಿಲ್ಲ. ಕೇಳಿದರೆ “ಲಡಾಯಿ ಮುಗಿದ್ರೂ ಮುಳ್ಳು ಸಮಾಧಾನ ಆಗಿಲ್ರಿ” ಎಂದರು. ತೂಕ ಮುಗಿಯುವ ಹೊತ್ತಿಗೆ ಮಧ್ಯಾಹ್ನ ಇಳಿದಿತ್ತು, ಖಾನಾವಳಿಯವರು ಒಲೆ ಆರಿಸಿದ್ದರು. ಊರಿಗೆ ಬಂದು ಮುಖ ತೋರಿಸದೆ ಹೋದರೆ ತಪ್ಪಾಗುತ್ತದೆಂದು ತಾಯಣ್ಣನವರು ಮಗನ ಜೊತೆ ನಮ್ಮ ಮನೆಗೆ ಬಂದರು. ಕರೆಮ್ಮ ಆಗ ರಜೆಗೆ ಬಂದಿದ್ದಳು.

ನಾನು ಈ ಸಲ ಬಾಯಿಬಿಟ್ಟು ಊಟಕ್ಕೆ ಏಳಿರೆಂದು ಹೇಳಲೇಬೇಕೆಂದು ನಿಶ್ಚಯಿಸಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಸೂಗಮ್ಮ ಅಡ್ಡ ಬಂದು, ತಂಬಿಗೆ ನೀರು ಮುಂದಿಟ್ಟು, “ಊಟಕ್ಕ ಏನೂ ಇಲ್ಲ ಯಣ್ಣಾ, ಬರೇ ನೀರು ಕುಡೀರಿ” ಎಂದಳು. ನನಗೆ ನೆಲ ಬಾಯಿಬಿಡಬಾರದೇ ಎನ್ನಿಸಿತು. ಬೀಗರಾಗಬೇಕಾದವರಿಗೆ ಹೀಗೆನ್ನುವ ಹೆಂಗಸನ್ನು ರಾಯಚೂರು ಕಂಡಿರಲಿಲ್ಲ. ಆದರೆ ಮಾನ್ಯರೇ, ಅದೇ ಹೊತ್ತಿಗೆ ಅಡುಗೆಮನೆಯಿಂದ ಹೋಳಿಗೆ ಬೇಯುವ ವಾಸನೆ ಬಂತು. ಶೇಂಗಾ ಹೋಳಿಗೆ, ಬೆಲ್ಲ ಏಲಕ್ಕಿ ಹಾಕಿದ್ದು, ಹಂಚಿನ ಮೇಲೆ ತುಪ್ಪ ಬಿಟ್ಟಾಗ ಚುರ್ ಎಂದು ಸದ್ದಾಗುವಂಥದ್ದು. ನಾನು ಸೂಗಮ್ಮನ ಮುಖ ನೋಡಿದೆ. ಅವಳು ಥೇಟು ಬಡವಿಯ ಮುಖ ಮಾಡಿಕೊಂಡು ನಿಂತಿದ್ದಳು. ಏಳನೆಯ ಪಾಠದ ಚಿತ್ರದಲ್ಲಿರುವ ಮುಖ ಅದು! ನಾನು ಬಾಯಿ ಮುಚ್ಚಿ ಕೂತೆ.

ತಾಯಣ್ಣನವರು ನೀರು ಕುಡಿದರು. ಮೂಗು ಅರಳಿಸಿದರು. ಧೋತರದ ಚುಂಗು ಸರಿಮಾಡಿಕೊಂಡರು. ಕೊನೆಗೆ ತಡೆಯಲಾರದೆ “ಯವ್ವಾ, ಹೋಳಿಗಿ ವಾಸನಿ ಬರಾಕತ್ತೇದಲ್ಲ?” ಎಂದರು. ಸೂಗಮ್ಮ ನೊಂದವಳಂತೆ, “ಅದು ಬೀಗರಿಗಂತ ಮಾಡಾಕತ್ತೀವಿ ಯಣ್ಣಾ, ಬರೇ ಬಂದು ಹೋಗೋರಿಗಿ ಹೆಂಗ ಹಾಕ್ಲಿ?” ಎಂದಳು. ಹಸಿವು ಎಂಬುದು ಆ ಗುಂತಕಲ್ಲಿನ ಗಾರ್ಡಿಗಿಂತ ಒರಟು. ಗಬ್ಬೂರಿನ ಅಷ್ಟು ದೊಡ್ಡ ಮರ್ಯಾದಸ್ಥರು ಕೈ ತೊಳೆಯುವ ಕಲ್ಲಿನ ಕಡೆಗೆ ತಾವಾಗಿಯೇ ಎದ್ದು, “ಬೀಗರಽ ಅಂತ ತಿಳಕೋರಿ, ಹಾಕ್ರಿ” ಎಂದುಬಿಟ್ಟರು.

ತಾಟು ಬಂತು. ಅಪ್ಪ ಮಗ ಇಬ್ಬರೂ ಕೂತರು. ತಾಯಣ್ಣನವರು ಹೋಳಿಗೆ ಮುರಿದು ತುಪ್ಪದಲ್ಲಿ ಅದ್ದಿದರು. ಆಗ ಕರೆಮ್ಮ ತುಪ್ಪದ ಗಿಂಡಿ ಹಿಡಿದು ಹೊರಗೆ ಬಂದಳು. ಇದುವರೆಗೆ ಅವಳು ಅವರ ಮುಂದೆ ಒಂದು ಮಾತೂ ಆಡಿರಲಿಲ್ಲ. ಬಗ್ಗಿ ಇನ್ನಷ್ಟು ತುಪ್ಪ ಹಾಕಿ, “ಮಾವಾ, ಸಾವಕಾಶ ಊಟ ಮಾಡ್ರಿ. ಒಂದ್ ಮಾತದ. ನಾ ಮಾನ್ವಿ ಸಾಲಿ ಬಿಡಂಗಿಲ್ರಿ. ನಿಮ್ಮ ಮಗ ಮಾನ್ವಿಗೆ ಬದ್ಲಿ ಕೇಳ್ಲಿ, ಇಬ್ರೂ ಅಲ್ಲೇ ಕಲಸ್ತೀವಿ” ಎಂದಳು.

ಶಾಲೆ ಬಿಡುವುದಿಲ್ಲ ಎನ್ನುತ್ತಾಳೆಂದು ನನಗೆ ಗೊತ್ತಿತ್ತು, ಅದರ ಮೇಲೆ ಹುಡುಗನ ವರ್ಗಾವಣೆಯನ್ನೂ ಏರಿಸುತ್ತಾಳೆಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ. ತಾಯಣ್ಣನವರ ಕೈ ಬಾಯಿಗೂ ತಾಟಿಗೂ ನಡುವೆ ನಿಂತಿತು. ಅವರು ಬಾಗಿಲು ನೋಡಿದರು, ಮುರಿದ ಹೋಳಿಗೆ ನೋಡಿದರು, ಮಗನನ್ನು ನೋಡಿದರು. ಯಂಕೋಬ ತಲೆ ತಗ್ಗಿಸಿ ತಾಟಿನೊಳಗೇ ನಗುತ್ತಿದ್ದ. ನಾನು ಹೆದರಿದೆ, ನಿಜವಾಗಿ ಹೆದರಿದೆ. ಇವರು ಎದ್ದರೆ ನನ್ನ ಮಗಳಿಗೆ ಇವನೂ ಇಲ್ಲ, ಇಂಥವನು ಮತ್ತೊಬ್ಬನೂ ಇಲ್ಲ ಎಂದು ಬಾಗಿಲಿಗೆ ಸ್ವಲ್ಪ ಅಡ್ಡ ಸರಿದು ಕೂತೆ. ಕರೆಮ್ಮನ ಕೈಯಲ್ಲಿದ್ದ ಗಿಂಡಿ ಅಲುಗಲಿಲ್ಲ. ಆಗ ತಾಯಣ್ಣನವರು ತುತ್ತು ಬಾಯಿಗಿಟ್ಟು, ಅಗಿದು, ನುಂಗಿ, “ಇನ್ನೊಂದ್ ಹಾಕವ್ವಾ” ಎಂದರು. ಆಮೇಲೆ ಮಗನ ಕಡೆ ತಿರುಗಿ, “ಬದ್ಲಿ ಅರ್ಜಿ ನಾಳಿಗೇ ಬರೀಲೇ, ನಿಮ್ಮವ್ವಗ ನಾ ಹೇಳ್ತೀನಿ” ಎಂದರು.

ನನ್ನ ಕಣ್ಣು ತುಂಬಿತು. ಹೊಗೆ ಎಂದು ಹೇಳಿದೆ, ಯಾರೂ ನಂಬಲಿಲ್ಲ. ಚೀಲ ಹೊತ್ತು ಸತ್ತ ನಮ್ಮಪ್ಪ ಆ ಹೊತ್ತಿಗೆ ಅಲ್ಲಿರಬೇಕಿತ್ತು ಎಂದು ಬಹಳ ಅನ್ನಿಸಿತು. ಅಂದು ಸಂಜೆ ಎಲ್ಲ ಬಯಲಾಯಿತು. ಗಬ್ಬೂರಿನ ಬಂಡಿಗಳು ಬರುವ ದಿನವನ್ನು ನನ್ನ ಬಾಯಿಂದಲೇ ಕೇಳಿ ತಿಳಿದು, ಹಿಂದಿನ ದಿನವೇ ಕರೆಮ್ಮ ತೂಕದ ಕಟ್ಟೆಗೆ ಹೋಗಿ “ಪೀರಾ ಚಾಚಾ, ನಾಳಿಗಿ ಸ್ವಲ್ಪ ಸಾವಕಾಶ ತೂಗ್ರಿ” ಎಂದು ಹೇಳಿ ಬಂದಿದ್ದಳಂತೆ. ಇನ್ನು ಆ ಹೋಳಿಗೆಯ ಹೂರಣ? ಸೂಗಮ್ಮನ ಡಬ್ಬಿಯಲ್ಲಿದ್ದ, ನಾನು ರಜೆಯುದ್ದಕ್ಕೂ ಆಟದಲ್ಲಿ ಸೋತ ಶೇಂಗಾ. ನನ್ನ ಸೋಲನ್ನೇ ಹುರಿದು, ಕುಟ್ಟಿ, ಬೆಲ್ಲ ಬೆರೆಸಿ ಬೀಗರಿಗೆ ಬಡಿಸಿದ್ದರು. ನನಗೂ ಎರಡು ಹಾಕಿದರು. ರುಚಿಯಾಗಿತ್ತು.

ಆದ್ದರಿಂದ ಮಾನ್ಯರೇ, ತಮ್ಮಲ್ಲಿ ನನ್ನ ಬೇಡಿಕೆಗಳು ಇಷ್ಟೇ. ಏಳನೆಯ ಪಾಠವನ್ನು ಕೃಷ್ಣಾ ತುಂಗಭದ್ರೆಗಳ ನಡುವಿನ ನಮ್ಮ ಸೀಮೆಗೆ ಕಳಿಸುವುದನ್ನು ಇಂದಿನಿಂದಲೇ ನಿಲ್ಲಿಸಬೇಕು, ಅಥವಾ ಒಂದೊಂದು ಪ್ರತಿಯ ಜೊತೆಗೂ ಬಿಸಿ ಹೋಳಿಗೆಯ ವಾಸನೆಯನ್ನು ಲಕೋಟೆಯಲ್ಲಿ ಹಾಕಿ ಕಳಿಸಬೇಕು. ಪಾಠ ಕಲಿತವರಿಗೆ ತಾವು ಕೊಡುವ ಪ್ರಶಸ್ತಿಪತ್ರ ಸಿದ್ಧವಾಗಿದ್ದರೆ ಅದರಲ್ಲಿ ನನ್ನ ಹೆಸರು ಹೊಡೆದುಹಾಕಿ ಸೂಗಮ್ಮ ಮತ್ತು ಕರೆಮ್ಮ ಎಂದು ಬರೆದು, ಪಕ್ಕದಲ್ಲಿ ಪೀರಾ ಸಾಬರಿಗೂ ಸ್ವಲ್ಪ ಜಾಗ ಬಿಡಬೇಕು. ತಮ್ಮ ಭಾವಚಿತ್ರದಲ್ಲಿರುವ ಆ ನಗುವನ್ನು ನನ್ನ ಮಗಳು ಕಪ್ಪು ತೊಳೆಯುತ್ತ ಅತ್ತ ಒಂದು ದಿನದ ಮಟ್ಟಿಗಾದರೂ ಹಿಂತೆಗೆದುಕೊಳ್ಳಬೇಕು. ಇದಿಷ್ಟು ಆದರೆ ನನ್ನ ದೂರು ಅಲ್ಲಾಉದ್ದೀನ್ ಸಾಹೇಬರ ಬಾಗಿಲಿನಿಂದ ಕಿತ್ತುಬರುತ್ತದೆ. ಅಂಟನ್ನು ಸಾಹೇಬರೇ ಗಟ್ಟಿಯಾಗಿ ಹಾಕಿದ್ದಾರೆ, ಅದಕ್ಕೆ ನಾನು ಹೊಣೆಯಲ್ಲ.

ಆರನೆಯ ಪಾಠದವರೆಗೆ ಮಾತ್ರ
ತಮ್ಮ ವಿಶ್ವಾಸಿ,
ಮೌನಪ್ಪ

ತಾ.ಕ.: ಎಂಟನೆಯ ಪಾಠ ಕಳಿಸುವ ತೊಂದರೆ ತೆಗೆದುಕೊಳ್ಳಬೇಡಿ. ಯಾವಾಗ ಎಂಬುದಕ್ಕೆ ಕರೆಮ್ಮನ ಉತ್ತರ ಹೀಗಿದೆ: “ಎದುರಿನವ್ರ ಕೈ ತಾಟಿನಾಗ ಇದ್ದಾಗ.” ಇದನ್ನು ತಮಗೆ ಪುಕ್ಕಟೆ ಕೊಟ್ಟಿದ್ದೇನೆ, ತಾವು ಇದನ್ನೂ ಎರಡು ಭಾಗ ಮಾಡಿ ಮಾರುತ್ತೀರೆಂದು ಗೊತ್ತು. ಆದರೆ ಒಂದು ವಿಷಯಕ್ಕೆ ಮಾತ್ರ ತಮ್ಮ ಸಹಾಯ ತುರ್ತಾಗಿ ಬೇಕಾಗಿದೆ. ಲಗ್ನಕ್ಕೆ ನಿನಗೆ ನನ್ನ ಕಡೆಯಿಂದ ಏನು ಬೇಕೆಂದು ಮಗಳನ್ನು ನಿನ್ನೆ ಕೇಳಿದೆ. “ನನಗೇನೂ ಬ್ಯಾಡ ಯಪ್ಪಾ, ನೀವು ಹೇಳ್ರಿ” ಎಂದು ಬಡವಿಯ ಮುಖ ಮಾಡಿದ್ದಾಳೆ. ನನಗೆ ನಿನ್ನೆಯಿಂದ ಊಟ ಸೇರುತ್ತಿಲ್ಲ. ಇದಕ್ಕೆ ಪರಿಹಾರ ಯಾವ ಪಾಠದಲ್ಲಿದೆಯೋ, ಶುಲ್ಕ ಎಷ್ಟಾದರೂ ಆಗಲಿ, ತಂತಿ ಹೊಡೆಯಿರಿ.